ಕಾಲಂ 9ರಲ್ಲಿ ಯಾರ ಹೆಸರು?

ಪಹಣಿ ಅಂದ್ರೆ ಏನು ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲೇ ಬೆಳೆದ ನನ್ನ ಟೀಮಿನ ಹುಡುಗರಿಗೆ ಹೇಳಬೇಕಾಗುತ್ತೆ: ಅದು ಜಮೀನಿನ ಜಾತಕ ಕಣ್ರಪ್ಪಾ ಅಂತ. ಕಾಲಂ 9ರಲ್ಲಿ ಒಡೆಯ ಯಾರು, 11ರಲ್ಲಿ ಸಾಲ ಏನಿದೆ, 12ರಲ್ಲಿ ಉಳುತ್ತಿರೋರು ಯಾರು, ಬೆಳೆ ಏನು.

ಈ ಜಾತಕ ಬರೆಯೋ ಕೈಗೆ ಊರೇ ಹೆದರುತ್ತಿತ್ತು. ತಲೆತಲಾಂತರದಿಂದ ಅದು ಶಾನುಭೋಗರ ಕೈ. ಗ್ರಾಮಾಧಿಕಾರಗಳ ರದ್ದತಿಯ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ವಂಶಪಾರಂಪರ್ಯ ಹೋಯಿತು, ಸರ್ಕಾರಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಆದರೆ ಪುಸ್ತಕ ಮಾತ್ರ ಒಬ್ಬರ ಚೀಲದಲ್ಲೇ ಉಳೀತು. ಒಂದು ನಕಲು ಬೇಕಂದ್ರೆ ಅವರು ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಅಲೆಯಬೇಕು. ಎಷ್ಟೋ ಕಡೆ ಕೈ ಬಿಸಿ ಮಾಡದೆ ಪೆನ್ನು ಕೆಳಗಿಳಿಯುತ್ತಿರಲಿಲ್ಲ.

2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ 'ಭೂಮಿ' ಯೋಜನೆ ತಂತು. ಸುಮಾರು 9,000 ಲೆಕ್ಕಿಗರ ಬಳಿಯಿದ್ದ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ ಬರುತ್ತಿತ್ತು. ಸಾಫ್ಟ್‌ವೇರ್ ಕೆಲಸ ಮಾಡೋನಾಗಿ ನನಗೆ ಇಷ್ಟವಾಗೋದು ಅದರ ಎರಡು ತೀರ್ಮಾನ. ಒಂದು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು. ನಾವು ಬಿಇ ಪರೀಕ್ಷೆಗೆ ಬಾಯಿಪಾಠ ಮಾಡಿದ ಕ್ಯೂ ಇದೇನೇ, ಗೌಡರ ಅರ್ಜಿಯೂ ಅಷ್ಟೇ, ಕೂಲಿಯವನ ಅರ್ಜಿಯೂ ಅಷ್ಟೇ. ಇನ್ನೊಂದು, ಕೈಬರಹದ ಪಹಣಿ ಇನ್ನು ಮುಂದೆ ನಡೆಯಲ್ಲ ಅಂದಿದ್ದು. ಇದನ್ನು ಹೇಳದೇ ಇದ್ದಿದ್ರೆ ಕಂಪ್ಯೂಟರು ಮೂಲೆಯಲ್ಲಿ ಧೂಳು ತಿಂತಾ ಇರ್ತಿತ್ತು, ಅನುಮಾನವೇ ಬೇಡ.

ಎಲ್ಲಾ ಸರಿಹೋಯಿತು ಅಂತಲ್ಲ. ಹಳೇ ಪುಸ್ತಕದ ತಪ್ಪುಗಳೂ ಹಾಗೇ ಟೈಪಾದವು. ಸತ್ತು ಇಪ್ಪತ್ತು ವರ್ಷವಾದ ತಾತ ಇವತ್ತಿಗೂ ಎಷ್ಟೋ ಮನೆಗಳ ಕಾಲಂ 9ರಲ್ಲಿ ಜೀವಂತ. ಯಾವ ಜಮೀನು ಯಾರದ್ದು ಅಂತ ಸುಲಭವಾಗಿ ಕಂಡಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಖರೀದಿದಾರರಿಗೇ ಹೆಚ್ಚು ಅನುಕೂಲವಾಯ್ತು ಅಂತ 2007ರಲ್ಲೇ ಸಂಶೋಧಕರು ಬರೆದರು. ಒಪ್ಪಬೇಕಾದ ಮಾತೇ.

ಆಮೇಲೆ ಫೋನು ಬಂತು. ಕಾಲಂ 12ರ ಬೆಳೆಯನ್ನು ಹಿಂದೆ ಶಾನುಭೋಗರು ಜಗಲಿಯಲ್ಲಿ ಕೂತೇ ಬರೆದಿದ್ದೂ ಉಂಟು. ಈಗ ಊರಿನ ಹುಡುಗರೇ ಬದುವಿನ ಮೇಲೆ ನಿಂತು ಬೆಳೆಯ ಫೋಟೊ ತೆಗೆದು ಆ್ಯಪಿಗೆ ಏರಿಸುತ್ತಾರೆ. 2020ರಲ್ಲಿ ರೈತರೇ ಮಾಡಿಕೊಳ್ಳಲಿ ಅಂತ ಆ್ಯಪ್ ಕೊಟ್ಟರು. ಅಪ್ಪನಿಗೆ ಆ್ಯಪ್ ಬರಲ್ಲ, ಮಗನೋ ಮಗಳೋ ಮಾಡಬೇಕು. ಹೊಲದ ಮಾತು ಅಪ್ಪನದು, ಕಾಗದದ ಮಾತು ಮಕ್ಕಳದು ಅನ್ನೋ ಹಾಗಾಗಿದೆ.

ನಿಜವಾದ ಬದಲಾವಣೆ ನನಗೆ ಕಾಣೋದು ಹೆಣ್ಣುಮಕ್ಕಳ ವಿಷಯದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾಯ್ದೆ ಜಾರಿ ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಕಾಯ್ದೆ ಇದ್ದರೂ, ಮದುವೆಯಾಗಿ ಹೋದ ಮಗಳು ತವರಿಗೆ ಬಂದು ಲೆಕ್ಕಿಗರ ಹತ್ತಿರ ಪಹಣಿ ಕೇಳಿದ್ರೆ ಸಂಜೆಯೊಳಗೆ ಅಣ್ಣನಿಗೆ ಸುದ್ದಿ ಮುಟ್ಟುತ್ತಿತ್ತು. ಈಗ ಆಕೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಊಟದ ಬಿಡುವಿನಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಸರ್ವೆ ನಂಬರ್ ಒತ್ತಿ ಕಾಲಂ 9 ನೋಡಬಹುದು. ಅಣ್ಣಂದಿರ ಹೆಸರಷ್ಟೇ ಇದ್ದರೆ, ತಕರಾರು ಅರ್ಜಿ ಹಾಕೋದೋ ತವರಿನ ಬಾಗಿಲು ಉಳಿಸಿಕೊಳ್ಳೋದೋ ಅಂತ ಅವಳೇ ಯೋಚಿಸಬೇಕು.