ಕೊಲ್ಹಾಪುರದಲ್ಲಿ ಕೊಂಡ ಅಥಣಿ ಚಪ್ಪಲಿ

ನಮ್ಮ ಅಥಣಿ ಕಡೆಯವರು ಮಹಾಲಕ್ಷ್ಮಿ ದರ್ಶನಕ್ಕೆ ಅಂತ ಕೊಲ್ಹಾಪುರಕ್ಕೆ ಹೋದರೆ ಬರಿಗೈಲಿ ವಾಪಸ್ ಬರುವುದಿಲ್ಲ. ಕಾಗವಾಡ, ಮಿರಜ ದಾಟಿ ಸುಮಾರು ನೂರು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಹೋದ ಮೇಲೆ ಏನಾದರೂ ಕೊಳ್ಳಲೇಬೇಕಲ್ಲ! ಗುಡಿ ಹತ್ತಿರದ ಮಹಾದ್ವಾರ ರಸ್ತೆಯಲ್ಲಿ ಸೀರೆ, ಗುಜರಿಯಲ್ಲಿ ಬಂಗಾರ, ಅಲ್ಲಿಂದ ಸ್ವಲ್ಪ ನಡೆದರೆ ಚಪ್ಪಲ್ ಲೈನ್. ಎರಡೂ ಕಡೆ ಸಾಲುಸಾಲಾಗಿ ತೂಗುಹಾಕಿದ ಚಪ್ಪಲಿಗಳು, ಮೂಗಿಗೆ ಹದ ಮಾಡಿದ ತೊಗಲಿನ ವಾಸನೆ.

ಮರಾಠಿಗರು ಈ ಊರನ್ನು ಪ್ರೀತಿಯಿಂದ 'ಕಲಾಪುರ' ಅನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ ಬಿಡಿ. ಬಾಬುರಾವ್ ಪೇಂಟರ್ 1920ರಲ್ಲಿ 'ಸೈರಂಧ್ರಿ' ಸಿನಿಮಾ ತೆಗೆದದ್ದು ಇಲ್ಲಿಯೇ. ವಿ. ಶಾಂತಾರಾಂ ಅವರ ಕೈಕೆಳಗೆ ಕೆಲಸ ಕಲಿತದ್ದೂ ಇಲ್ಲಿಯೇ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಗವಾಯಿಗಳಿಗೂ ಪೈಲ್ವಾನರಿಗೂ ಕಲಾವಿದರಿಗೂ ಆಸರೆ ಕೊಟ್ಟವರು. ಆದರೆ ಈ ಊರಿನ ಹೆಸರನ್ನು ಜಗತ್ತಿಗೆಲ್ಲ ಹೊತ್ತುಕೊಂಡು ಹೋದದ್ದು ಸಿನಿಮಾ ಅಲ್ಲ, ಚಪ್ಪಲಿ.

ಇಪ್ಪತ್ತು ವರ್ಷದ ಹಿಂದಿನ ಮಾತು. ಚಪ್ಪಲ್ ಲೈನಿನ ಒಂದು ಅಂಗಡಿಯಲ್ಲಿ ಚೌಕಾಸಿ ಮಾಡಿ ಮುನ್ನೂರೈವತ್ತು ಕೊಟ್ಟು ಒಂದು ಜೋಡಿ ತಂದೆ. ಗೆದ್ದೆ ಅಂತಲೇ ಅಂದುಕೊಂಡಿದ್ದೆ. ಎರಡು ತಿಂಗಳಲ್ಲಿ ಉಂಗುಟದ ಬಾರು ಸಡಿಲಾಯಿತು. ಅಥಣಿಯಲ್ಲಿ ಚಪ್ಪಲಿ ಮಾಡುವವರ ಓಣಿಗೆ ಒಯ್ದೆ. ಕಟ್ಟೆ ಮೇಲೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕರು.

"ಎಲ್ಲಿ ತಗೊಂಡಿರಿ ತಮ್ಮಾ?"

"ಕೊಲ್ಹಾಪುರದಾಗ ರೀ ಆಯಿ."

"ಇದು ನಮ್ಮ ಓಣ್ಯಾಂದ ಐತಿ. ಈ ಹೆಣಿಕಿ ನಮ್ಮ ಹೆಣ್ಮಕ್ಕಳದ. ಎಷ್ಟ ಕೊಟ್ರಿ?"

ಹೇಳಿದೆ. ಅವರು ಮತ್ತೆ ನಗಲಿಲ್ಲ. "ನಮಗ ನೂರಾ ಇಪ್ಪತ್ತು ಕೊಡ್ತಾರ ನೋಡ್ರಿ" ಅಂತ ಹೇಳಿ ಆರಿ ಕೈಗೆತ್ತಿಕೊಂಡರು.

ಅವತ್ತು ನನಗೆ ನಾಚಿಕೆಯಾದದ್ದು ದುಡ್ಡಿಗಲ್ಲ. ಅಥಣಿಯಲ್ಲೇ ಹುಟ್ಟಿ ಬೆಳೆದವನು ನಾನು. ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು! ನಾನು ಚಿಕ್ಕವನಿದ್ದಾಗ ಚಪ್ಪಲಿ ತಂದುಕೊಡುವ ಮುದುಕ ನಮ್ಮ ಮನೆ ಹೊಸ್ತಿಲಾಚೆಯೇ ನಿಲ್ಲುತ್ತಿದ್ದ. ಚಪ್ಪಲಿ ಪಡಸಾಲೆವರೆಗೂ ಬರುತ್ತಿತ್ತು, ಮಾಡಿದವನು ಬರುವಂತಿರಲಿಲ್ಲ.

ಹಾಗಾದರೆ ಇದಕ್ಕೆ 'ಕೊಲ್ಹಾಪುರಿ' ಅಂತ ಹೆಸರೇಕೆ? ಮೊದಲು ಇವಕ್ಕೆ ಕಾಪಶಿ ಅಂತ ಮಾಡುವ ಊರಿನ ಹೆಸರೇ ಇರುತ್ತಿತ್ತು. ಆಮೇಲೆ ಮಾರುವ ಪೇಟೆಯ ಹೆಸರು ಗೆದ್ದಿತು. ಸಂಸ್ಥಾನದ ರಾಜಧಾನಿ, ಯಾತ್ರೆಯ ಊರು, ದೊಡ್ಡ ಮಾರುಕಟ್ಟೆ. ಸುತ್ತಲಿನ ಹಳ್ಳಿಗಳ ಮಾಲೆಲ್ಲ ಅಲ್ಲಿಗೇ ಹೋಗುತ್ತಿತ್ತು. ಆಗ ಈ ಗಡಿಯಾದರೂ ಎಲ್ಲಿತ್ತು? ಇವತ್ತು ನಮ್ಮ ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಅಥಣಿ ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಚಪ್ಪಲಿ ಮಾತ್ರ ಹಳೇ ದಾರಿ ಹಿಡಿದೇ ಹೋಯಿತು.

ಈ ಕಸುಬನ್ನು ಹನ್ನೆರಡನೇ ಶತಮಾನದ ಕಲ್ಯಾಣಕ್ಕೆ ಜೋಡಿಸಿ ಹೇಳುವವರಿದ್ದಾರೆ. ಅದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಹರಳಯ್ಯ-ಕಲ್ಯಾಣಮ್ಮನವರ ಕತೆ ಕೇಳದ ಮನೆ ನಮ್ಮ ಕಡೆ ಇಲ್ಲ. ಅದನ್ನು ಕೇಳಿ ಕಣ್ಣೀರು ಹಾಕಿದವರೇ ಆ ಮುದುಕನನ್ನು ಹೊಸ್ತಿಲಾಚೆ ನಿಲ್ಲಿಸಿದ್ದು...

ಇನ್ನು ಕೆಲಸದ ಬಗ್ಗೆ. ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿ ನೀರಿನಲ್ಲಿ ಹದ ಮಾಡುತ್ತಾರೆ. ಅಟ್ಟೆಗೆ ಎಮ್ಮೆಯ ದಪ್ಪ ತೊಗಲು. ಹೊಲಿಗೆ ತೊಗಲಿನ ದಾರದ್ದೇ, ಅಸಲಿ ಮಾಲಿನಲ್ಲಿ ಒಂದೂ ಮೊಳೆ ಇರುವುದಿಲ್ಲ. ರಂಪಿಗೆಯಿಂದ ಕೊಯ್ಯುವುದು ಹೆಚ್ಚಾಗಿ ಗಂಡಸರ ಕೆಲಸ, ಹೆಣಿಕೆ-ಹೊಲಿಗೆ ಹೆಂಗಸರದ್ದು. ಪೇಟೆಗೆ ಹೋಗಿ ಮಾರುವವರು ಮಾತ್ರ ಗಂಡಸರೇ ಆಗಿದ್ದರಿಂದ ಹೆಣೆದವಳ ಕೈಗೆ ಕಾಸು ಸಿಗುತ್ತಿದ್ದುದು ಕಡಿಮೆ. 1990ರ ದಶಕದ ಕೊನೆಗೆ ಬೆಂಗಳೂರಿನ 'ಅಸೆಂಟ್' ಸಂಸ್ಥೆಯ ಮಧುರಾ ಛತ್ರಪತಿಯವರು ಅಥಣಿಗೆ ಬಂದು ಈ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟಿದರು. 'ಟೋಹೋಲ್ಡ್' ಅನ್ನುವ ಹೆಸರಿನಲ್ಲಿ ಅಥಣಿಯ ಚಪ್ಪಲಿ ನೇರವಾಗಿ ಪರದೇಶಕ್ಕೂ ಹೋಯಿತು.

2018-19ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿದ್ದು ಎರಡೂ ರಾಜ್ಯಗಳಿಗೆ ಒಟ್ಟಾಗಿ. ಅತ್ತ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ಇತ್ತ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಕಾಗದದಲ್ಲಾದರೂ ನಮ್ಮ ಹೆಸರು ಬಂತು ನೋಡಿ!

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದಲ್ಲಿ ಇದೇ ಥರದ ಚಪ್ಪಲಿ ತೋರಿಸಿ, ಎಲ್ಲಿಯದು ಅಂತ ಹೇಳದೆ ಸುಮ್ಮನಿದ್ದಾಗ ದೊಡ್ಡ ಗದ್ದಲವಾಯಿತಲ್ಲ? ಕೊನೆಗೆ ಮೂಲ ಯಾವುದು ಅಂತ ಅವರೇ ಒಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದವೂ ಆಯಿತು. 2000 ಜೋಡಿ ಮಾಡಿಸುವುದು, ಒಂದರ ಬೆಲೆ ಸುಮಾರು 800 ಯೂರೋ.

ಎಲ್ಲರ ಜೊತೆ ನಾನೂ ಬೈದೆ. ಬೈಯುತ್ತಲೇ ಆ ಆಯಿಯ ನೆನಪಾಯಿತು. ಮಾಡಿದವರ ಹೆಸರು ಹೇಳದೆ ಚಪ್ಪಲಿ ಮೆಟ್ಟಿದ್ದು ಪ್ರಾಡಾದವರು ಮಾತ್ರವೇ? ಅವರ ಹೆಸರು ನಾನೂ ಕೇಳಿರಲಿಲ್ಲ.

ಕೊಲ್ಹಾಪುರಕ್ಕೆ ಹೋದರೆ ಚಪ್ಪಲ್ ಲೈನಿಗೆ ಖಂಡಿತ ಹೋಗಿ. ಅಟ್ಟೆ ತಿರುಗಿಸಿ ಹೊಲಿಗೆ ನೋಡಿ, ಮೊಳೆ ಇದ್ದರೆ ಬಿಟ್ಟುಬಿಡಿ. ಮಳೆಗಾಲದಲ್ಲಿ ಮೆಟ್ಟಬೇಡಿ. ಇನ್ನೂ ನೂರು ಕಿಲೋಮೀಟರ್ ಬರುವ ಮನಸ್ಸಿದ್ದರೆ ಅಥಣಿಗೇ ಬನ್ನಿ. ಓಣಿ ನಾನೇ ತೋರಿಸುತ್ತೇನೆ. ಚೌಕಾಸಿ ಮಾತ್ರ ಮಾಡಬೇಡಿ.