ವ್ಯಾಪಾರದ ಕಡತಗಳು ಮತ್ತು ಪತ್ರಗಳ ಸಂಗ್ರಹ (ಮೈಸೂರು ಸೀಮೆ)

ವ್ಯಾಪಾರದ ಕಡತಗಳು ಮತ್ತು ಪತ್ರಗಳ ಸಂಗ್ರಹ ಎಂಬುದು ಹಿಂದಿನ ಕಾಲದ ವರ್ತಕರು, ಸಾಹುಕಾರರು, ಶಾನುಭೋಗರು ಹಾಗೂ ಮಠ-ದೇವಾಲಯಗಳ ಪಾರುಪತ್ಯಗಾರರು ಬರೆದಿಟ್ಟ ಲೆಕ್ಕಪತ್ರಗಳನ್ನೂ ಓಲೆಗಳನ್ನೂ ಹುಂಡಿಗಳನ್ನೂ, ಅವುಗಳಿಗೆ ಸಂಬಂಧಿಸಿದ ಅಪರೂಪದ ಮುದ್ರಿತ ಗ್ರಂಥಗಳನ್ನೂ ಹುಡುಕಿ, ಗುರುತಿಸಿ, ಕಾಪಾಡುವ ಕಾರ್ಯವಾಗಿದೆ. ಮೈಸೂರು ಸೀಮೆಯಲ್ಲಿ ಇಂತಹ ದಾಖಲೆಗಳ ಪ್ರಮುಖ ರೂಪ ಕಡತ. ಅರಸರ ಶಾಸನಗಳು ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ಉಳಿದುಬಂದಿವೆ. ಕಾವ್ಯ-ಶಾಸ್ತ್ರಗಳು ತಾಳೆಗರಿಗಳಲ್ಲಿ ಉಳಿದಿವೆ. ಆದರೆ ಸಂತೆಯಲ್ಲಿ ಕೊಂಡು ಮಾರಿದವರ ಲೆಕ್ಕ ಉಳಿದಿರುವುದು ಬಹುಮಟ್ಟಿಗೆ ಆಕಸ್ಮಿಕವಾಗಿ. ಆದುದರಿಂದ ಈ ಸಂಗ್ರಹಕಾರ್ಯಕ್ಕೆ ಪ್ರಾದೇಶಿಕ ಇತಿಹಾಸದಲ್ಲಿ ವಿಶೇಷ ಮಹತ್ವವಿದೆ.

ಕಡತದ ಸ್ವರೂಪ

ಇಂದು 'ಕಡತ' ಎಂದರೆ ಸರ್ಕಾರಿ ಕಚೇರಿಯ ಕಾಗದಪತ್ರಗಳ ಕಟ್ಟು ಎಂಬ ಅರ್ಥವೇ ಎಲ್ಲರಿಗೂ ಪರಿಚಿತ. ಮೂಲದಲ್ಲಿ ಈ ಪದವು ಬಟ್ಟೆಯಿಂದ ಮಾಡಿದ ಒಂದು ಬಗೆಯ ಲೆಕ್ಕಪುಸ್ತಕವನ್ನು ಸೂಚಿಸುತ್ತಿತ್ತು. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಕಲಸಿ ಎರಡೂ ಬದಿಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಪಟ್ಟಿಯನ್ನು ಕತ್ತರಿಸದೆ, ಒಂದರ ಮೇಲೊಂದು ಸಮನಾಗಿ ಕೂರುವಂತೆ ಹಿಂದೆ ಮುಂದೆ ಮಡಚಿ ಪುಸ್ತಕದ ರೂಪ ಕೊಡುತ್ತಿದ್ದರು. ರಕ್ಷಣೆಗಾಗಿ ಮೊದಲ ಮತ್ತು ಕೊನೆಯ ಮಡಿಕೆಗಳಿಗೆ ಮರದ ಹಲಗೆಗಳನ್ನು ಅಂಟಿಸುವ ರೂಢಿಯಿತ್ತು. ಕಪ್ಪು ಮೈಮೇಲೆ ಬಳಪದ ಕಡ್ಡಿಯಿಂದ ಬರೆಯಲಾಗುತ್ತಿತ್ತು.

೧೮೦೩ರಿಂದ ೧೮೦೮ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ದಕ್ಷಿಣ ಭಾರತದ ಇತಿಹಾಸ ಗ್ರಂಥದಲ್ಲಿ ಕಡತವನ್ನು ವಿವರಿಸಿದ್ದಾನೆ. ಅವನು ಕೊಡುವ ಅಳತೆಯಂತೆ ಪಟ್ಟಿಯ ಅಗಲ ೮ ಅಂಗುಲದಿಂದ ಒಂದು ಅಡಿ, ಉದ್ದ ೧೨ರಿಂದ ೧೮ ಅಡಿ. ಸಾರ್ವಜನಿಕ ದಾಖಲೆಗಳಿಗಲ್ಲದೆ ವರ್ತಕರ ಮತ್ತು ಅಂಗಡಿಕಾರರ ಲೆಕ್ಕಗಳಿಗೂ ಕಡತ ಬಳಕೆಯಲ್ಲಿದ್ದುದನ್ನು ಅವನು ಗುರುತಿಸಿದ್ದಾನೆ.

ಕಡತದ ಅನುಕೂಲವೇ ಅದರ ಅಪಾಯವೂ ಆಗಿದೆ. ಸ್ಲೇಟಿನಂತೆ ಒರಸಿ ಮತ್ತೆ ಬರೆಯಬಹುದಾದ್ದರಿಂದ ವ್ಯಾಪಾರಿಗೆ ಖರ್ಚು ಕಡಿಮೆ. ಸಾಲ ತೀರಿದೊಡನೆ ಲೆಕ್ಕ ಅಳಿಸಿಹೋಗುತ್ತಿತ್ತು. ಹೀಗಾಗಿ ಕಡತವೊಂದು ಬರಹಸಹಿತ ಸಿಕ್ಕಿದೆಯೆಂದರೆ, ಅದರಲ್ಲಿರುವುದು ಒರಸದೆ ಬಿಟ್ಟ ಕೊನೆಯ ಲೆಕ್ಕ ಅಥವಾ ಉಳಿಸಿಕೊಳ್ಳಲೇಬೇಕೆಂದು ಇಟ್ಟ ಲೆಕ್ಕ ಎಂಬುದನ್ನು ಓದುಗರು ಮನಸ್ಸಿನಲ್ಲಿಡಬೇಕು.

ದಾಖಲೆಗಳು ನಾಶವಾದ ಬಗೆ

ಕಾಗದದ ಬಳಕೆ ಹೆಚ್ಚಿದಂತೆ ಕಡತಗಳು ಅಟ್ಟ ಸೇರಿದವು. ೧೯೫೭ರಲ್ಲಿ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. ಮೆಟ್ರಿಕ್ ತೂಕ-ಅಳತೆಗಳು ಹಂತಹಂತವಾಗಿ ರೂಢಿಗೆ ಬಂದವು. ಮುಂದಿನ ತಲೆಮಾರಿಗೆ ಹಾಗ, ವೀಸ, ಕೊಳಗ, ಖಂಡುಗಗಳ ಲೆಕ್ಕ ಅರ್ಥವಾಗದಾಯಿತು. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡ ಮೇಲೆ, ಶಾನುಭೋಗರ ಮನೆಗಳಲ್ಲಿದ್ದ ಹಳೆಯ ಕಟ್ಟುಗಳಿಗೆ ವ್ಯಾವಹಾರಿಕ ಬೆಲೆ ಉಳಿಯಲಿಲ್ಲ. ಮನೆ ಪಾಲಾಗುವಾಗ, ಹಳೆಯ ತೊಟ್ಟಿಮನೆ ಕೆಡವುವಾಗ ಇಂತಹ ಕಟ್ಟುಗಳು ರದ್ದಿಗೆ ಇಲ್ಲವೆ ಒಲೆಗೆ ಹೋಗುವುದು ಸಾಮಾನ್ಯ.

ಇನ್ನೊಂದು ಕಾರಣ ಸಂಗ್ರಹದ ನೀತಿಗೆ ಸಂಬಂಧಿಸಿದ್ದು. ಹಸ್ತಪ್ರತಿ ಭಂಡಾರಗಳು ಸಾಹಿತ್ಯ ಮತ್ತು ಶಾಸ್ತ್ರ ಗ್ರಂಥಗಳನ್ನು ಅರಸಿದವು. ಪತ್ರಾಗಾರಗಳು ಸರ್ಕಾರದ ಕಾಗದಗಳನ್ನು ಕಾಪಾಡಿದವು. ಖಾಸಗಿ ವರ್ತಕನ ಲೆಕ್ಕ ಎರಡಕ್ಕೂ ಸೇರಲಿಲ್ಲ. ೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಸಹ ಹಸ್ತಪ್ರತಿಗಳನ್ನು ಜ್ಞಾನವಿಷಯವುಳ್ಳ ಬರಹಗಳೆಂದು ನಿರೂಪಿಸಿ, ಶಾಸನ, ಫರ್ಮಾನು, ಕಂದಾಯ ದಾಖಲೆಗಳಂತಹ ಐತಿಹಾಸಿಕ ದಾಖಲೆಗಳಿಂದ ಅವುಗಳನ್ನು ಬೇರ್ಪಡಿಸಿದೆ. ಹೀಗೆ ನಡುವೆ ಉಳಿದ ದಾಖಲೆಗಳ ಹೊಣೆ ಬಹುಮಟ್ಟಿಗೆ ಮನೆತನಗಳ ಮತ್ತು ಆಸಕ್ತ ವ್ಯಕ್ತಿಗಳ ಮೇಲೆ ಬಿದ್ದಿದೆ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ

ಕಪಿಲಾ ನದಿಯ ದಡದ ನಂಜನಗೂಡು ಮತ್ತು ಕಪಿಲಾ-ಕಾವೇರಿಗಳ ಸಂಗಮದಲ್ಲಿರುವ ತಿ. ನರಸೀಪುರ ಎರಡೂ ಯಾತ್ರಾಸ್ಥಳಗಳು. ಶ್ರೀಕಂಠೇಶ್ವರ ಸ್ವಾಮಿಯ ದೊಡ್ಡ ಜಾತ್ರೆಯಂತಹ ಸಂದರ್ಭಗಳು ಪೂಜೆಯ ಜೊತೆಗೆ ವ್ಯಾಪಾರದ ಸಂದರ್ಭಗಳೂ ಹೌದು. ಸಾಗಾಣಿಕೆಯ ದೃಷ್ಟಿಯಿಂದಲೂ ನಂಜನಗೂಡು ಗಮನಾರ್ಹ: ಕಪಿಲೆಯ ಮೇಲಿನ ಹಳೆಯ ಕಲ್ಲಿನ ಸೇತುವೆ ದಳವಾಯಿಗಳ ಕಾಲದ್ದು, ಮೈಸೂರು-ನಂಜನಗೂಡು ರೈಲುಮಾರ್ಗ ೧೮೯೧ರಲ್ಲಿ ಆರಂಭವಾಗಿ, ೧೯೨೬ರಲ್ಲಿ ಚಾಮರಾಜನಗರದವರೆಗೆ ವಿಸ್ತರಿಸಿತು. ರೈಲು ಬಂದ ಮೇಲೆ ಸರಕಿನ ರಸೀತಿ ಎಂಬ ಹೊಸ ಬಗೆಯ ಕಾಗದವು ವರ್ತಕರ ಕಟ್ಟುಗಳಿಗೆ ಸೇರಿತು.

ಎರಡೂ ತಾಲ್ಲೂಕುಗಳ ಶಿಲಾಶಾಸನಗಳು ಚೆನ್ನಾಗಿ ಪ್ರಕಟವಾಗಿವೆ. ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪ್ರಕಟಿಸಿದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು ಮೂರನೆಯ ಸಂಪುಟದಲ್ಲಿಯೂ (೧೯೭೪) ತಿ. ನರಸೀಪುರ ಐದನೆಯ ಸಂಪುಟದಲ್ಲಿಯೂ (೧೯೭೬) ಸೇರಿವೆ. ದಾನ, ಸುಂಕ, ಭೂಮಿಯ ವಿವರಗಳು ಅವುಗಳಲ್ಲಿ ದೊರೆಯುತ್ತವೆ. ಆದರೆ ಶಾಸನವು ಒಮ್ಮೆ ಮಾಡಿದ ಏರ್ಪಾಟನ್ನು ಹೇಳುತ್ತದೆ. ದಿನದಿನದ ಧಾರಣೆ, ಸಾಲ, ಬಾಕಿಗಳನ್ನು ಹೇಳುವುದು ಲೆಕ್ಕಪುಸ್ತಕ ಮಾತ್ರ.

ಈ ಭಾಗದ ಇತ್ತೀಚಿನ ಕೈಗಾರಿಕೆಗಳ ಕಾಗದಗಳಿಗೂ ಅಷ್ಟೇ ಬೆಲೆಯಿದೆ. ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ ೧೯೨೦ರ ದಶಕದಲ್ಲಿ ಆರಂಭವಾದ ಖಾದಿ ಕೇಂದ್ರದಂತಹ ಕಡೆ ನೂಲು ತಂದವರಿಗೆ ಕೊಟ್ಟ ಕೂಲಿಯ ಲೆಕ್ಕ, ತಿ. ನರಸೀಪುರದ ರೇಷ್ಮೆ ನೂಲು ಬಿಚ್ಚಾಣಿಕೆಗೆ ಸಂಬಂಧಿಸಿದ ಗೂಡಿನ ಖರೀದಿ ಚೀಟಿ ಇವು ಇಂದು ಸಾಮಾನ್ಯವೆನಿಸಿದರೂ ಮುಂದಿನ ಇತಿಹಾಸಕಾರರಿಗೆ ಆಕರಗಳು.

ಅಪರೂಪದ ಮುದ್ರಿತ ಗ್ರಂಥಗಳು

ಸ್ಥಳೀಯ ಲೆಕ್ಕಗಳು ವಿರಳವಾಗಿರುವುದರಿಂದ ಕೆಳಗಿನ ಗ್ರಂಥಗಳು ಪೂರಕ ಆಕರಗಳಾಗಿ ಸಂಗ್ರಹಕಾರರ ಗಮನ ಸೆಳೆದಿವೆ.

ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ವರದಿ: ಟಿಪ್ಪು ಸುಲ್ತಾನನ ಪತನದ ನಂತರ, ೧೮೦೦-೦೧ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರುಗಳಲ್ಲಿ ಕೈಗೊಂಡ ಸಮೀಕ್ಷೆ. ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಕಾವೇರಿಯ ದಕ್ಷಿಣದ ಪ್ರದೇಶವೂ ಇದರಲ್ಲಿದೆ. ಬೆಳೆ, ನೇಯ್ಗೆ, ಸಂತೆ, ತೂಕ-ಅಳತೆ, ಬೆಲೆಗಳ ವಿವರಗಳಿಗೆ ಹೆಸರಾಗಿದೆ.

ವಿಲಿಯಂ ಕರ್ಕ್‌ಪ್ಯಾಟ್ರಿಕ್ ಸಂಪಾದಿಸಿದ ಟಿಪ್ಪುವಿನ ಆಯ್ದ ಪತ್ರಗಳು: ಪರ್ಷಿಯನ್ ಪತ್ರಗಳ ಇಂಗ್ಲಿಷ್ ಅನುವಾದ, ೧೮೧೧. ಮಸ್ಕತ್‌ನಲ್ಲಿದ್ದ ಮೈಸೂರಿನ ವ್ಯಾಪಾರ ಕೋಠಿಗೆ ಕಳುಹಿಸಿದ ಆದೇಶಗಳು, ಗಂಧ-ಮೆಣಸುಗಳ ಮಾರಾಟ, ರೇಷ್ಮೆ ಹುಳುಗಳನ್ನು ತರಿಸುವ ಪ್ರಯತ್ನ ಇವುಗಳ ಬಗೆಗಿನ ಪತ್ರಗಳು ಇದರಲ್ಲಿವೆ. ಸಂಪಾದಕನು ಟಿಪ್ಪುವಿನ ವಿರೋಧಿ ಪಕ್ಷದವನಾದ್ದರಿಂದ ಅವನ ಆಯ್ಕೆಯನ್ನೂ ಟಿಪ್ಪಣಿಗಳನ್ನೂ ಎಚ್ಚರದಿಂದ ಓದಬೇಕು.

ಗೆಜೆಟಿಯರುಗಳು: ರೈಸ್ ಅವರ ಮೈಸೂರು ಗೆಜೆಟಿಯರಿನ ೧೮೯೭ರ ಪರಿಷ್ಕೃತ ಆವೃತ್ತಿ ಮತ್ತು ಸಿ. ಹಯವದನ ರಾವ್ ಅವರು ೧೯೨೭-೩೦ರಲ್ಲಿ ಸಂಪಾದಿಸಿದ ಆವೃತ್ತಿ.

ಅರ್ಥಶಾಸ್ತ್ರ: ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ಬಂದ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದರು. ಇದರ ಕೋಶಪರೀಕ್ಷೆಯ ಭಾಗದಲ್ಲಿ ಮುತ್ತು, ಗಂಧಗಳ ಜೊತೆಗೆ ಉತ್ತರದ ಪರ್ವತ ಪ್ರದೇಶದ ತುಪ್ಪಳದ ಚರ್ಮಗಳ ಬಗೆಗಳನ್ನೂ ಬಣ್ಣ ಮತ್ತು ಅಳತೆಗಳೊಡನೆ ಪಟ್ಟಿ ಮಾಡಲಾಗಿದೆ. ಮೊದಲ ಮುದ್ರಣದ ಪ್ರತಿಗಳು ಈಗ ಅಪರೂಪ.

ಓದುವ ಕ್ರಮ

ಕಡತಗಳ ಬರಹ ಸಾಮಾನ್ಯವಾಗಿ ಮೋಡಿ ಶೈಲಿಯಲ್ಲಿರುತ್ತದೆ. ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು, ಪದಗಳ ನಡುವೆ ಅಂತರವಿಲ್ಲದೆ ಓಡುವ ಬರಹವಿದು. ಅಚ್ಚಿನ ಕನ್ನಡ ಮಾತ್ರ ಬಲ್ಲವರಿಗೆ ಅಭ್ಯಾಸವಿಲ್ಲದೆ ಓದಲಾಗದು.

ನಾಣ್ಯಗಳಲ್ಲಿ ೧೦ ಕಂಠೀರಾಯಿ ಹಣಕ್ಕೆ ಒಂದು ವರಹ. ಅಡ್ಡ ಎಂದರೆ ಅರ್ಧ ಹಣ, ಹಾಗ ಎಂದರೆ ಕಾಲು ಹಣ, ವೀಸ ಎಂದರೆ ಹಣದ ಹದಿನಾರನೆಯ ಒಂದು ಭಾಗ. ಧಾನ್ಯದಲ್ಲಿ ೨೦ ಕೊಳಗಕ್ಕೆ ಒಂದು ಖಂಡುಗ. ಕೊಳಗದ ಗಾತ್ರ ಊರಿನಿಂದ ಊರಿಗೆ ಬೇರೆಯಾಗುತ್ತಿದ್ದುದರಿಂದ ದಾಖಲೆ ಯಾವ ಊರಿನದೆಂದು ತಿಳಿಯದೆ ಬೆಲೆಗಳನ್ನು ಹೋಲಿಸುವುದು ಸರಿಯಲ್ಲ. ಚಿನ್ನದ ತೂಕಕ್ಕೆ ಗುಲಗಂಜಿ ಬಳಕೆಯಲ್ಲಿತ್ತು. ತಿ. ನರಸೀಪುರದ ಗುಂಜಾನರಸಿಂಹ ಸ್ವಾಮಿಯ ಹೆಸರು ಇದೇ ಗುಂಜೆಯಿಂದ ಬಂದುದು. ಈ ಕ್ಷೇತ್ರ ಕಾಶಿಗಿಂತ ಗುಲಗಂಜಿ ತೂಕ ಹೆಚ್ಚು ಎಂಬ ಸ್ಥಳೀಯ ನಂಬಿಕೆಯಲ್ಲಿ ಹಳೆಯ ತಕ್ಕಡಿಯ ಭಾಷೆ ಇಂದಿಗೂ ಉಳಿದಿದೆ.

ಕಾಲನಿರ್ಣಯದಲ್ಲಿ ಸಂವತ್ಸರದ ಹೆಸರೊಂದೇ ಸಾಲದು. ಸಂವತ್ಸರಗಳು ೬೦ ವರ್ಷಕ್ಕೊಮ್ಮೆ ಮರುಕಳಿಸುವುದರಿಂದ 'ಪ್ಲವ ಸಂವತ್ಸರ' ಎಂದಷ್ಟೇ ಬರೆದ ಪತ್ರ ೧೮೪೧-೪೨ರದೂ ಆಗಬಹುದು, ೧೯೦೧-೦೨ರದೂ ಆಗಬಹುದು. ಶಕವರ್ಷ ಕೊಟ್ಟಿದ್ದರೆ ೭೮ ಕೂಡಿಸಿ ಕ್ರಿಸ್ತವರ್ಷವನ್ನು ಪಡೆಯಬಹುದು. ವರ್ಷದ ಕೊನೆಯ ತಿಂಗಳುಗಳಾದರೆ ೭೯ ಕೂಡಿಸಬೇಕಾಗುತ್ತದೆ. ಇಲ್ಲವಾದಲ್ಲಿ ನಾಣ್ಯ, ವ್ಯಕ್ತಿಗಳ ಹೆಸರು ಮತ್ತು ಅದೇ ಕಟ್ಟಿನ ಇತರ ಕಾಗದಗಳ ನೆರವು ಬೇಕು.

ಸಂಗ್ರಹ ಮತ್ತು ಸಂರಕ್ಷಣೆ

ಕಾಗದಗಳು ಸಿಕ್ಕಿದಾಗ ಮೊದಲು ಮಾಡಬೇಕಾದುದು ಕಟ್ಟನ್ನು ಬಿಚ್ಚುವುದಲ್ಲ, ಅದು ಯಾವ ಊರಿನ ಯಾವ ಮನೆಯಲ್ಲಿ, ಯಾವ ಕಾಗದಗಳ ಜೊತೆ ಇತ್ತೆಂದು ಬರೆದಿಡುವುದು. ಅಂದವಾದ ಮುದ್ರೆಯುಳ್ಳ ಹಾಳೆಯನ್ನೋ ಛಾಪಾ ಕಾಗದವನ್ನೋ ಮಾತ್ರ ಆರಿಸಿಕೊಂಡು ಉಳಿದುದನ್ನು ಬಿಸಾಡಿದರೆ ಇಡೀ ಕಟ್ಟಿನ ಸಾಕ್ಷ್ಯ ಕೆಡುತ್ತದೆ.

ಕಡತವನ್ನು ಒದ್ದೆ ಬಟ್ಟೆಯಿಂದ ಒರಸಬಾರದು. ಒರಸಿದರೆ ಧೂಳಿನೊಡನೆ ಬರಹವೂ ಹೋಗುತ್ತದೆ. ತಾಳೆಗರಿಗೆ ಹಚ್ಚುವ ಎಣ್ಣೆಯನ್ನು ಕಡತಕ್ಕೆ ಹಚ್ಚಬಾರದು. ಹಳೆಯ ಮಡಿಕೆಯ ದಿಕ್ಕಿಗೆ ವಿರುದ್ಧವಾಗಿ ಮಡಚಬಾರದು. ಮಾಸಿದ ಬಳಪದ ಬರಹವನ್ನು ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು ಛಾಯಾಚಿತ್ರ ತೆಗೆಯುವುದು ಉಪಯುಕ್ತ. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಹಾನಿಕರ.

ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ, ೧೯೭೨ರ ಪ್ರಕಾರ ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ, ೭೫ ವರ್ಷಗಳಿಗೆ ಕಡಿಮೆಯಿಲ್ಲದ ಹಸ್ತಪ್ರತಿ ಮತ್ತು ದಾಖಲೆಗಳು ಪ್ರಾಚೀನ ವಸ್ತುಗಳೆನಿಸುತ್ತವೆ. ಖಾಸಗಿಯವರು ಅವುಗಳನ್ನು ವಿದೇಶಕ್ಕೆ ರವಾನಿಸುವಂತಿಲ್ಲ. ಮಾರಾಟದ ವ್ಯವಹಾರ ನಡೆಸಲು ಪರವಾನಗಿ ಅಗತ್ಯ.

ಮುಖ್ಯ ಸಂಗ್ರಹಗಳು ಮತ್ತು ಹೋಲಿಕೆ

ಶೃಂಗೇರಿ ಮಠದ ಕಡತಗಳು ಈ ವರ್ಗದ ದಾಖಲೆಗಳಲ್ಲಿ ಹೆಸರಾದವು, ಡಾ. ಎ. ಕೆ. ಶಾಸ್ತ್ರಿ ಅವರು ಅವುಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಇದೇ ಮಠದಲ್ಲಿ ೧೯೧೬ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಟಿಪ್ಪುವಿನ ಕನ್ನಡ ಪತ್ರಗಳನ್ನು ಬೆಳಕಿಗೆ ತಂದರು. ಶಿವಮೊಗ್ಗ ಜಿಲ್ಲೆಯ ಕೆಳದಿಯಲ್ಲಿ ಗುಂಡಾಜೋಯಿಸರ ವೈಯಕ್ತಿಕ ಆಸಕ್ತಿಯಿಂದ ಬೆಳೆದ ವಸ್ತುಸಂಗ್ರಹಾಲಯವು, ಒಬ್ಬರ ಶ್ರಮ ಸಾರ್ವಜನಿಕ ಸಂಸ್ಥೆಯಾಗಬಲ್ಲದೆಂಬುದಕ್ಕೆ ನಿದರ್ಶನ. ಮೈಸೂರು ಭಾಗದವರಿಗೆ ಪ್ರಾಚ್ಯವಿದ್ಯಾ ಸಂಶೋಧನಾಲಯ, ಕನ್ನಡ ಅಧ್ಯಯನ ಸಂಸ್ಥೆ ಮತ್ತು ರಾಜ್ಯ ಪತ್ರಾಗಾರ ಇಲಾಖೆಯ ಮೈಸೂರು ವಿಭಾಗೀಯ ಕಚೇರಿ ಸಮೀಪದ ಕೇಂದ್ರಗಳು.

ಕೆನಡಾದಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ, ೧೬೭೦ರಲ್ಲಿ ಸ್ಥಾಪಿತವಾದ ಹಡ್ಸನ್ಸ್ ಬೇ ಕಂಪನಿಯು ತನ್ನ ದಿನಚರಿ, ಲೆಕ್ಕ ಮತ್ತು ಪತ್ರಗಳನ್ನು ಉಳಿಸಿಕೊಂಡಿತು. ೧೯೯೪ರಲ್ಲಿ ಮ್ಯಾನಿಟೋಬಾ ಪ್ರಾಂತ್ಯಕ್ಕೆ ದಾನವಾಗಿ ಸಂದ ಆ ಸಂಗ್ರಹವು ೨೦೦೭ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು. ಅದು ಉದ್ದೇಶಪೂರ್ವಕವಾಗಿ ಕಾಪಾಡಿದ ಸಂಗ್ರಹ. ಇದಕ್ಕೆ ವಿರುದ್ಧವಾಗಿ, ೧೨ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಉಳಿದದ್ದು ಕೈರೋ ನಗರದ ಪ್ರಾರ್ಥನಾಮಂದಿರವೊಂದರ ಹಳೆಯ ಕಾಗದಗಳ ಕೋಣೆಯಲ್ಲಿ. ಮೆಣಸು, ಅಡಿಕೆ, ಕಬ್ಬಿಣಗಳ ವ್ಯವಹಾರವೂ ಅವನ ಸೇವಕ ಬೊಮ್ಮನ ಹೆಸರೂ ನಮಗೆ ತಿಳಿದಿರುವುದು ಆ ಕೋಣೆಯನ್ನು ಯಾರೂ ಗುಡಿಸಿ ಬರಿದುಮಾಡದಿದ್ದುದರಿಂದ. ಮೈಸೂರು ಸೀಮೆಯ ಹಳೆಯ ಮನೆಗಳ ಅಟ್ಟಗಳಲ್ಲಿ ಉಳಿದಿರಬಹುದಾದ ಕಟ್ಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ.