ದಖ್ಖನ್ನಿನ ಬಾನಿನಲ್ಲಿ ಗಾಮಾ ಕಿರಣಗಳ ಬೆನ್ನಟ್ಟಿ

ಆದವಾನಿಯ ಹತ್ತಿ ಹೊಲಗಳ ಮೇಲಿನ ಆಕಾಶಕ್ಕೆ ಕಣ್ಣಿಗೆ ಕಾಣದ ಗುಣವೊಂದಿದೆ. ಭೂಮಿಯ ಕಾಂತಕ್ಷೇತ್ರ ಈ ಸೀಮೆಯಲ್ಲಿ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಚಾಚಿಕೊಂಡು, ಹೊರಗಿನಿಂದ ನುಗ್ಗುವ ವಿಶ್ವಕಿರಣಗಳನ್ನು ತಡೆಯುತ್ತದೆ. ನೆತ್ತಿಯ ಮೇಲಿಂದ ಇಳಿಯುವ ಕಣಕ್ಕೆ ಸುಮಾರು 17 ಗಿಗಾವೋಲ್ಟ್‌ನಷ್ಟು ಬಿರುಸಿಲ್ಲದಿದ್ದರೆ ಇಲ್ಲಿ ಪ್ರವೇಶವಿಲ್ಲ. ಬೆಂಗಳೂರು, ಆದವಾನಿ, ರಾಯಚೂರು, ಹೈದರಾಬಾದು ಎಲ್ಲವೂ ಈ ಕಾವಲಿನ ನೆರಳಲ್ಲೇ ಇವೆ. ನಮ್ಮ ಗಾಮಾ ಕಿರಣ ಸಂಶೋಧನೆಯ ಕಥೆಯನ್ನು ಇಲ್ಲಿಂದಲೇ ಶುರುಮಾಡಬೇಕು.

ಗಾಮಾ ಕಿರಣಗಳನ್ನು ಗಾಳಿ ನುಂಗಿಬಿಡುವುದರಿಂದ ಅವು ನೆಲ ಮುಟ್ಟುವುದಿಲ್ಲ. 40 ಕಿ.ಮೀ. ಏರಿದರೆ ತಲೆಯ ಮೇಲೆ ಉಳಿಯುವುದು ವಾಯುಮಂಡಲದ ಶೇ. 0.3ರಷ್ಟು ಮಾತ್ರ. ಆದರೆ ಅಷ್ಟು ಗಾಳಿಗೂ ವಿಶ್ವಕಿರಣಗಳು ಬಡಿದು ಹೊಸ ಗಾಮಾ ಕಿರಣಗಳನ್ನು ಹುಟ್ಟಿಸುತ್ತವೆ. ನಕ್ಷತ್ರಲೋಕದಿಂದ ಬಂದದ್ದನ್ನು ಇವುಗಳ ನಡುವೆ ಹೆಕ್ಕುವುದೆಂದರೆ ಜಾತ್ರೆಯಲ್ಲಿ ಕಳೆದ ಮಗುವಿನ ದನಿ ಹುಡುಕಿದ ಹಾಗೆ. ನಮ್ಮ ಸೀಮೆಯಲ್ಲಿ ಈ ಜಾತ್ರೆಯ ಗದ್ದಲ ಕಡಿಮೆ.

ಕಾಂತೀಯ ಸಮಭಾಜಕ ಹತ್ತಿರವಿದೆಯೆಂದೇ 1939–40ರ ಚಳಿಗಾಲದಲ್ಲಿ ಅಮೆರಿಕದ ಮಿಲಿಕನ್ ತಂಡ ಬೆಂಗಳೂರಿನಿಂದಲೂ ವಿಶ್ವಕಿರಣ ಬಲೂನುಗಳನ್ನು ಹಾರಿಸಿತು. ಬಳಿಕ ಅದೇ ಊರಿನ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದರು. ರಬ್ಬರ್ ಬಲೂನು ಹಿಗ್ಗುತ್ತ ಏರಿ ಕೊನೆಗೆ ಒಡೆಯುತ್ತದೆ. ಒಂದೇ ಎತ್ತರದಲ್ಲಿ ಗಂಟೆಗಟ್ಟಲೆ ತೇಲಲು ತೆಳು ಪಾಲಿಥೀನ್ ಬಲೂನೇ ಬೇಕು. ಉಷ್ಣವಲಯದ ಮೇಲ್ಗಾಳಿಯಾದರೋ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಚಳಿಯದು. ಸಾಮಾನ್ಯ ಹಾಳೆ ಅಲ್ಲಿ ಸೀಳುತ್ತದೆ. ಅದನ್ನು ತಾಳುವ ಬಲೂನನ್ನು ಟಾಟಾ ಸಂಸ್ಥೆಯ ಹೈದರಾಬಾದಿನ ಬಲೂನು ಕೇಂದ್ರ ತಾನೇ ತಯಾರಿಸಿಕೊಂಡಿತು. ಉಪಗ್ರಹಗಳ ಹೊಳಪಿನಲ್ಲಿ ಈ ಕೈಕೆಲಸವನ್ನು ನಾವು ಮರೆತಿರುವುದು ನನಗೆ ನೋವಿನ ಸಂಗತಿ.

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಮ್ಯೂಆನ್ ಕಣಗಳನ್ನು ಅಳೆದವರು. ಮುಂದೆ ಅವರದೇ ಬಳಗ ಮೇಲಕ್ಕೆ ನೋಡಿತು. 1968ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದೇರಿದ ಬಲೂನು ವೃಶ್ಚಿಕ ರಾಶಿಯ ಸ್ಕೋ ಎಕ್ಸ್-1ರ ಕಠಿಣ ಕ್ಷಕಿರಣಗಳನ್ನು ಹಿಡಿಯಿತು. ಕಠಿಣ ಕ್ಷಕಿರಣಕ್ಕೂ ಗಾಮಾ ಕಿರಣಕ್ಕೂ ನಡುವೆ ಗಟ್ಟಿ ಗೋಡೆಯೇನಿಲ್ಲ. ಸೋಡಿಯಂ ಅಯೊಡೈಡ್ ಹರಳು ಎರಡಕ್ಕೂ ಮಿನುಗುತ್ತದೆ. ಇನ್ನೂ ಹೆಚ್ಚಿನ ಶಕ್ತಿಯ ಕಿರಣಗಳಿಗಾಗಿ ಸೋವಿಯತ್ ಸಹಯೋಗದ ‘ನತಾಲ್ಯಾ’ ದೂರದರ್ಶಕ 1979ರಲ್ಲಿ ಇಲ್ಲಿಂದಲೇ ಹಾರಿತು.

ಮುಂದಿನ ಹೆಜ್ಜೆ ಕಕ್ಷೆಗೆ. ಬೆಂಗಳೂರಿನಲ್ಲಿ ತಯಾರಾದ ಸ್ರಾಸ್-ಸಿ2 ಉಪಗ್ರಹ 1994ರಿಂದ ಗಾಮಾ ಸ್ಫೋಟಗಳನ್ನು ದಾಖಲಿಸಿತು; 2015ರ ಆಸ್ಟ್ರೋಸ್ಯಾಟ್ ಅಂಥವನ್ನು ನೂರಾರು ಕಂಡಿತು. ಬಲೂನು ಮಾತ್ರ ನಿಂತಿಲ್ಲ. 2025ರ ಜನವರಿಯಲ್ಲಿ ಹೈದರಾಬಾದಿನ ಬಲೂನಿನ ಉಪಕರಣವೊಂದು ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ಇಳಿದು ಊರನ್ನೇ ಬೆಚ್ಚಿಬೀಳಿಸಿತು. ಹೊಲದಲ್ಲಿ ಇಂಥದ್ದು ಸಿಕ್ಕರೆ ಬಿಚ್ಚಬೇಡಿ, ಹತ್ತಿರದ ಠಾಣೆಗೆ ತಿಳಿಸಿ ಎನ್ನುತ್ತದೆ ಸಂಸ್ಥೆಯ ಪ್ರಕಟಣೆ. ಕೆಡದೆ ಕೈಗೆ ಸಿಕ್ಕಿದ ಶೋಧಕವನ್ನು ದುರಸ್ತಿಮಾಡಿ ಇನ್ನೊಂದು ಬಲೂನಿಗೆ ಕಟ್ಟಬಹುದು.